ಹಳೆಯ ಆಕ್ಟೇವಿಯಾ: ಡೀಸೆಲ್ ಕೊಂಡ ನಾನು, ಪೆಟ್ರೋಲ್ ಕೊಂಡ ನನ್ನ ಷಡ್ಡಕ

2021ರ ಜನವರಿಯಲ್ಲಿ ದಾವಣಗೆರೆಯವನಾದ ನಾನು 2016ರ ಮಾದರಿಯ ಸ್ಕೋಡಾ ಆಕ್ಟೇವಿಯಾ 2.0 ಟಿಡಿಐ ಡೀಸೆಲ್ ಕಾರನ್ನು ಕೊಂಡೆ. ಎರಡು ತಿಂಗಳ ತರುವಾಯ ಚಿತ್ರದುರ್ಗದಲ್ಲಿರುವ ನನ್ನ ಷಡ್ಡಕರು ಅದೇ ಕಾರಿನ 2015ರ ಪೆಟ್ರೋಲ್ ಮಾದರಿಯನ್ನು, ಅಂದರೆ 1.8 ಟಿಎಸ್‌ಐ ಎಂಜಿನ್ನಿನದನ್ನು ಕೊಂಡರು. ಇಬ್ಬರೂ ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ಕೊಂಡವರು, ಇಬ್ಬರೂ ಮೊದಲ ದಿನದಿಂದ ಇಂಧನದ ಮತ್ತು ರಿಪೇರಿಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟವರು. ಹೆಚ್ಚುಕಡಿಮೆ ಐದು ವರ್ಷ ತುಂಬುತ್ತಿರುವ ಈ ಹೊತ್ತಿನಲ್ಲಿ ಆ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನನಗೆ ಬೇಕಾಗಿದ್ದದ್ದು ನಿಜವಾಗಿ ಸ್ಟೇಷನ್ ವ್ಯಾಗನ್. ಚನ್ನಗಿರಿ ಕಡೆ ನಮ್ಮದೊಂದು ಅಡಿಕೆ ತೋಟವಿದೆ, ವಾರಕ್ಕೊಮ್ಮೆಯಾದರೂ ಹೋಗಿ ಬರಬೇಕು, ಬರುವಾಗ ತೆಂಗಿನಕಾಯಿ, ಬಾಳೆಗೊನೆ, ಅಪರೂಪಕ್ಕೆ ಒಂದು ಪಂಪ್‌ಸೆಟ್ಟಿನ ಮೋಟರು ಹಿಂದೆ ಬೀಳುತ್ತವೆ. ಹಾಗೆಂದು ಎತ್ತರದ ಎಸ್‌ಯುವಿ ಓಡಿಸುವುದು ನನಗೆ ಹಿಡಿಸುವುದಿಲ್ಲ. ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುವ ಕಾರೇ ಬೇಕು. ನಮ್ಮ ದೇಶದಲ್ಲಿ ಇಂಥ ಉದ್ದ ಬೆನ್ನಿನ ಕಾರುಗಳಿಗೆ ಕೊಳ್ಳುವವರು ಎಂದೂ ಹೆಚ್ಚು ಇರಲಿಲ್ಲ. ಟಾಟಾ ಎಸ್ಟೇಟ್, ಬಲೇನೊ ಆಲ್ಟುರಾ, ಇಂಡಿಗೊ ಮರೀನಾ, ಹಳೆಯ ಆಕ್ಟೇವಿಯಾ ಕಾಂಬಿ ಎಲ್ಲವೂ ಬಂದಷ್ಟೇ ಬೇಗ ಹೋದವು. 2013ರಲ್ಲಿ ಇಲ್ಲಿಗೆ ಬಂದ ಮೂರನೆಯ ತಲೆಮಾರಿನ ಆಕ್ಟೇವಿಯಾ ನೋಡಲು ಸೆಡಾನ್ ಆದರೂ ಹಿಂದಿನ ಗಾಜಿನ ಸಮೇತ ಇಡೀ ಬಾಗಿಲೇ ಮೇಲಕ್ಕೇಳುವ ಲಿಫ್ಟ್‌ಬ್ಯಾಕ್. ಡಿಕ್ಕಿ 590 ಲೀಟರಿನದು, ಹಿಂದಿನ ಸೀಟು ಮಡಚಿದರೆ 1,580 ಲೀಟರು. ಬಾಯಿ ಅಗಲವಾಗಿರುವುದರಿಂದ ನನ್ನ ಮಗನ ಸೈಕಲ್ಲು ಮುಂದಿನ ಚಕ್ರ ಬಿಚ್ಚಿದರೆ ಸಾಕು, ಒಳಗೆ ಹೋಗುತ್ತದೆ. ಮನೆ ಮಂದಿಗೂ ಸಾಮಾನಿಗೂ ಓಡಿಸುವವನ ಆಸೆಗೂ ಒಟ್ಟಿಗೆ ಒದಗುವ ಕಾರು ನನ್ನ ಹಣಕ್ಕೆ ಬೇರೆ ಸಿಗಲಿಲ್ಲ.

ಕಾರು ಯಾವುದೆಂಬುದು ಒಂದು ವಾರದಲ್ಲಿ ತೀರ್ಮಾನವಾಯಿತು. ಇಂಧನ ಯಾವುದೆಂಬುದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಎರಡು ಎಂಜಿನ್‌ಗಳ ಸ್ವಭಾವವನ್ನು ಮೊದಲು ಹೇಳುತ್ತೇನೆ. ಡೀಸೆಲ್ ಎಂಜಿನ್ 143 ಪಿಎಸ್ ಶಕ್ತಿಯದು, ಅದರ 320 ಎನ್‌ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಎಂಜಿನ್ ನಿಮಿಷಕ್ಕೆ 1,750 ಸುತ್ತು (ಆರ್‌ಪಿಎಂ) ತಿರುಗುವಾಗಲೇ ಸಿಗುತ್ತದೆ. ಪೆಟ್ರೋಲ್ ಎಂಜಿನ್ 180 ಪಿಎಸ್, 250 ಎನ್‌ಎಂ. ಹಾಳೆಯ ಮೇಲೆ ಪೆಟ್ರೋಲೇ ಬಲಶಾಲಿ, ಗಡಿಯಾರ ಹಿಡಿದರೂ ಅದೇ ಮುಂದೆ. ಆದರೆ ಆರನೆಯ ಗೇರಿನಲ್ಲಿ ಹಿರಿಯೂರಿನ ಕಡೆಯಿಂದ ಬರುವಾಗ, ಲಾರಿ ಪಕ್ಕಕ್ಕೆ ಸರಿದ ಕ್ಷಣದಲ್ಲಿ, ಗೇರು ಇಳಿಸದೆ ಪಾದ ಒತ್ತಿದರೆ ಸಾಕು ಎನ್ನುವ ಸುಖ ಡೀಸೆಲ್ಲಿನದು. ತಿರುವುಗಳ ವಿಷಯದಲ್ಲಿ ಮಾತ್ರ ಪೆಟ್ರೋಲ್ ಕಾರು ಸ್ಪಷ್ಟವಾಗಿ ಮೇಲು. 1.8 ಟಿಎಸ್‌ಐಗೆ ಹಿಂದುಗಡೆ ಪ್ರತಿ ಚಕ್ರಕ್ಕೂ ಪ್ರತ್ಯೇಕವಾದ ಮಲ್ಟಿ-ಲಿಂಕ್ ಸಸ್ಪೆನ್ಷನ್ ಇದೆ, ಡೀಸೆಲ್ಲಿಗೆ ಎರಡೂ ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್ ಇದೆ. ಸಾಲದ್ದಕ್ಕೆ ಡೀಸೆಲ್ಲಿನ ಮೂತಿಯೂ ಭಾರ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಎರಡೂ ಕಾರುಗಳಲ್ಲಿ ಇಳಿದು ಹತ್ತಿದ್ದೇನೆ. ಹತ್ತುವಾಗ ಡೀಸೆಲ್ ಎರಡನೆಯ ಗೇರಿನಲ್ಲಿ ಎಳೆದುಕೊಂಡು ಹೋಗುವ ರೀತಿ ಚೆನ್ನ, ಇಳಿಯುವಾಗ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಬಾಗುವ ಪೆಟ್ರೋಲ್ ಕಾರಿನ ಮೂತಿ ಚೆನ್ನ. ಓಡಿಸುವ ಖುಷಿಯೊಂದನ್ನೇ ನೋಡುವವರು ಪೆಟ್ರೋಲ್ ಕೊಳ್ಳಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ.

ನನ್ನ ಓಡಾಟದ ಲೆಕ್ಕ ಬೇರೆ ಇತ್ತು. ಯಂತ್ರಗಳ ಬಿಡಿಭಾಗದ ವ್ಯಾಪಾರ ನನ್ನದು. ತಿಂಗಳಿಗೆ ಮೂರು ನಾಲ್ಕು ಬಾರಿ ಬೆಂಗಳೂರಿಗೆ, ಒಂದೆರಡು ಬಾರಿ ಹುಬ್ಬಳ್ಳಿಗೆ ಹೋಗಿ ಬರುವುದಿದೆ. ಬೆಂಗಳೂರು ಒಂದು ಕಡೆಗೆ ಸುಮಾರು 260 ಕಿಲೋಮೀಟರ್, ಬಹುಪಾಲು ರಾಷ್ಟ್ರೀಯ ಹೆದ್ದಾರಿ 48. ಷಡ್ಡಕರು ಕಾಲೇಜಿನ ಅಧ್ಯಾಪಕರು. ಮನೆಯಿಂದ ಕಾಲೇಜಿಗೆ ಮೂರು ಕಿಲೋಮೀಟರ್, ಸಂಜೆ ಮಕ್ಕಳ ಪಾಠ, ಮಾರುಕಟ್ಟೆ, ಭಾನುವಾರ ಹೆಚ್ಚೆಂದರೆ ವಾಣಿವಿಲಾಸ ಸಾಗರದವರೆಗೆ.

ಕೊಳ್ಳುವ ಮೊದಲು ನೋಡಿದ ಎರಡು ಡೀಸೆಲ್ ಕಾರುಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಹುಡುಕುವವರೆಲ್ಲರ ಮುಂದೆ ಇಂಥವು ಬಂದೇ ಬರುತ್ತವೆ. ಮೊದಲನೆಯದು ಬೆಂಗಳೂರಿನ ಒಬ್ಬ ಮಾರಾಟಗಾರರ ಬಳಿ ಇತ್ತು. ಮೀಟರು 48,000 ಕಿಲೋಮೀಟರ್ ತೋರಿಸುತ್ತಿತ್ತು, ಸೀಟು ಸ್ಟಿಯರಿಂಗ್ ಎಲ್ಲ ಹೊಳೆಯುತ್ತಿದ್ದವು. ಬ್ರೇಕ್ ಪೆಡಲಿನ ರಬ್ಬರು ಮಾತ್ರ ಸವೆದು ನುಣ್ಣಗಾಗಿತ್ತು. ಸಂಶಯ ಬಂದು ಹಳೆಯ ಸರ್ವಿಸ್ ದಾಖಲೆ ತೆಗೆಸಿದರೆ ಎರಡು ವರ್ಷದ ಹಿಂದೆಯೇ 92,000 ದಾಟಿತ್ತು. ಹೆಚ್ಚು ಓಡುವವರೇ ಡೀಸೆಲ್ ಕೊಳ್ಳುವುದರಿಂದ ಮೀಟರು ಹಿಂದಕ್ಕೆ ತಿರುಗಿಸುವ ಆಸೆಯೂ ಡೀಸೆಲ್ ಕಾರಿನಲ್ಲೇ ಹೆಚ್ಚು. ಎರಡನೆಯದು ದೆಹಲಿ ನೋಂದಣಿಯದು, ಇಲ್ಲಿನ ದರಕ್ಕಿಂತ ಎರಡು ಲಕ್ಷ ಕಡಿಮೆ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹಾಕಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನವರು ಗಡುವಿಗೆ ಮೊದಲೇ ಮಾರತೊಡಗಿದರು, ಆ ಗಾಡಿಗಳು ದಕ್ಷಿಣಕ್ಕೆ ಹರಿದು ಬಂದವು. ಅಲ್ಲಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತಂದು, ಇಲ್ಲಿನ ಆಜೀವ ತೆರಿಗೆ ಕಟ್ಟಿ, ದಾವಣಗೆರೆಯ ಕೆಎ-17 ಸಂಖ್ಯೆ ಪಡೆಯುವ ಹೊತ್ತಿಗೆ ಆ ಎರಡು ಲಕ್ಷದಲ್ಲಿ ಬಹಳ ಉಳಿಯುವುದಿಲ್ಲವೆಂದು ಲೆಕ್ಕ ಹಾಕಿ ಬಿಟ್ಟೆ. ಕೊನೆಗೆ ಒಬ್ಬರೇ ಮಾಲೀಕರು ಬಳಸಿದ, 61,000 ಕಿಲೋಮೀಟರ್ ಓಡಿದ, ಪ್ರತಿ ಸರ್ವಿಸಿನ ಬಿಲ್ಲೂ ಇದ್ದ ಮ್ಯಾನುಯಲ್ ಗೇರಿನ ಗಾಡಿ ಹುಬ್ಬಳ್ಳಿಯಲ್ಲಿ ಸಿಕ್ಕಿತು. ಅಂಥದ್ದೇ ಸ್ಥಿತಿಯ ಪೆಟ್ರೋಲ್ ಕಾರಿಗಿಂತ ಅದಕ್ಕೆ 1 ಲಕ್ಷ 10 ಸಾವಿರ ಹೆಚ್ಚು ಕೊಟ್ಟೆ.

ಈಗ ಹಣದ ಮಾತು. ನನ್ನ ಕಾರು ಇಂದಿಗೆ 1,68,000 ಕಿಲೋಮೀಟರ್ ಮುಟ್ಟಿದೆ, ಅಂದರೆ ನನ್ನ ಕೈಯಲ್ಲಿ ಓಡಿದ್ದು 1,07,000. ಟ್ಯಾಂಕ್ ಫುಲ್ ಮಾಡಿಸಿ ಹಾಕಿದ ಲೆಕ್ಕದಲ್ಲಿ ಒಟ್ಟು ಸರಾಸರಿ ಲೀಟರಿಗೆ 16.4, ಬರೀ ಹೆದ್ದಾರಿಯಲ್ಲಿ 18ರ ಹತ್ತಿರ, ದಾವಣಗೆರೆ ಪೇಟೆಯೊಳಗೆ 12. ಷಡ್ಡಕರ ಕಾರಿನ ಸರಾಸರಿ 10.6, ಅದೇ ಕಾರನ್ನು ನಾನು ಬೆಂಗಳೂರಿಗೆ ಓಡಿಸಿದಾಗ 13ಕ್ಕೆ ಸ್ವಲ್ಪ ಮೇಲೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಸುಮಾರು ಹದಿನಾರು ಪಟ್ಟು ಒತ್ತಿ ಆ ಬಿಸಿಯಿಂದಲೇ ಇಂಧನ ಉರಿಸುತ್ತಾರೆ, ಟರ್ಬೊ ಪೆಟ್ರೋಲಿನಲ್ಲಿ ಈ ಒತ್ತಡ ಹತ್ತು ಪಟ್ಟಿನ ಆಸುಪಾಸು; ಜೊತೆಗೆ ಒಂದು ಲೀಟರ್ ಡೀಸೆಲ್ಲಿನಲ್ಲಿ ಶಕ್ತಿಯೂ ಹೆಚ್ಚು. ವ್ಯತ್ಯಾಸಕ್ಕೆ ಇವೇ ಮೂಲ. ದರದ ಅಂತರವೋ, ಮೊದಲಿನಂತೆ ಉಳಿದಿಲ್ಲ. 2012ರಲ್ಲಿ ಡೀಸೆಲ್ ಪೆಟ್ರೋಲಿಗಿಂತ ಮೂವತ್ತು ರೂಪಾಯಿಗೂ ಮಿಕ್ಕಿ ಅಗ್ಗವಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ನಿಯಂತ್ರಣ ತೆಗೆದರು, 2021ರಲ್ಲಿ ಡೀಸೆಲ್ಲೂ ನೂರು ದಾಟಿದ್ದನ್ನು ನಾವೆಲ್ಲ ಕಂಡೆವು. 2025ರ ಏಪ್ರಿಲಿನಲ್ಲಿ ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಏರಿದ ಮೇಲೆ ಅಂತರ ಹನ್ನೆರಡು ರೂಪಾಯಿಯಷ್ಟಕ್ಕೆ ಬಂತು.

ಐದು ವರ್ಷದಲ್ಲಿ ನಾನು ಡೀಸೆಲ್ಲಿಗೆ ಕೊಟ್ಟದ್ದು ಸುಮಾರು 5 ಲಕ್ಷ 75 ಸಾವಿರ. ಇಷ್ಟೇ ದೂರವನ್ನು ಪೆಟ್ರೋಲ್ ಕಾರಿನಲ್ಲಿ ಓಡಿದ್ದರೆ 8 ಲಕ್ಷ 25 ಸಾವಿರ ಆಗುತ್ತಿತ್ತು. ಎರಡೂವರೆ ಲಕ್ಷ ಉಳಿಯಿತೆಂದು ಹಿಗ್ಗುವ ಮೊದಲು ಪುಸ್ತಕದ ಇನ್ನೊಂದು ಪುಟ ನೋಡಬೇಕು. ಕೊಳ್ಳುವಾಗ ಕೊಟ್ಟ ಹೆಚ್ಚಿನ 1 ಲಕ್ಷ 10 ಸಾವಿರ. 1,20,000 ಕಿಲೋಮೀಟರಿಗೆ ಟೈಮಿಂಗ್ ಬೆಲ್ಟು, ವಾಟರ್ ಪಂಪು ಸೇರಿ 38 ಸಾವಿರ (ಪೆಟ್ರೋಲ್ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಚೈನ್ ಇದೆ). 1,40,000ಕ್ಕೆ ಕ್ಲಚ್ ಮತ್ತು ಫ್ಲೈವೀಲ್, ಅಷ್ಟು ಓಡಿದ ಮೇಲೆ ಸಹಜವಾದ ಸವೆತವೇ ಅದು, 92 ಸಾವಿರ. ಮುಂದೆ ಹೇಳುವ ಮಸಿ ತೆಗೆಸಿದ್ದು 14 ಸಾವಿರ. ಒಟ್ಟು 2 ಲಕ್ಷ 54 ಸಾವಿರ. ವರ್ಷಕ್ಕೆ 22,000 ಕಿಲೋಮೀಟರ್ ಓಡಿಯೂ ನಾನು ಸರಿಸಮಕ್ಕೆ ಬಂದು ನಿಂತಿದ್ದೇನೆ. ಪೆಟ್ರೋಲ್ ಕಾರಿನ ಗೇರ್‌ಬಾಕ್ಸಿಗೂ ಒಂದು ದಿನ ಕ್ಲಚ್ ಹಾಕಿಸಬೇಕಾಗುತ್ತದೆ ಎಂಬುದನ್ನು ಹಿಡಿದರೆ ಡೀಸೆಲ್ ಸ್ವಲ್ಪ ಮುಂದಿದೆಯೆನ್ನಬಹುದು, ಅದಕ್ಕಿಂತ ಹೆಚ್ಚಿಲ್ಲ. 38,000 ಕಿಲೋಮೀಟರ್ ಓಡಿಸಿರುವ ಷಡ್ಡಕರು ಡೀಸೆಲ್ ಕೊಂಡಿದ್ದರೆ ಇಂಧನದಲ್ಲಿ ಒಂದು ಲಕ್ಷವೂ ಉಳಿಯುತ್ತಿರಲಿಲ್ಲ; ಕೊಳ್ಳುವಾಗಿನ ಹೆಚ್ಚಳವೇ ತೀರುತ್ತಿರಲಿಲ್ಲ.

ಇನ್ನು ಆ ಮಸಿಯ ಸಂಗತಿ. ನನ್ನ ಮಟ್ಟಿಗೆ ಈ ಐದು ವರ್ಷದ ದೊಡ್ಡ ಪಾಠ ಅದೇ. 2023ರಲ್ಲಿ ತಂದೆಯವರ ಆರೋಗ್ಯ ಕೆಟ್ಟು ಎಂಟು ತಿಂಗಳು ನಾನು ಊರು ಬಿಡಲಿಲ್ಲ. ವಿದ್ಯಾನಗರದ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಔಷಧದ ಅಂಗಡಿಗೆ, ಪಿ.ಬಿ. ರಸ್ತೆಯ ಅಂಗಡಿಗೆ, ಮತ್ತೆ ಮನೆಗೆ. ಯಾವುದೂ ನಾಲ್ಕು ಕಿಲೋಮೀಟರ್ ಮೀರುತ್ತಿರಲಿಲ್ಲ. ಆರನೆಯ ತಿಂಗಳಿಗೆ ಮೈಲೇಜ್ 11ಕ್ಕೆ ಇಳಿಯಿತು, ಪಿಕಪ್ ಕುಂದಿತು, ಒಂದು ದಿನ ಎಂಜಿನ್ ಚಿಹ್ನೆಯ ದೀಪವೂ ಹತ್ತಿತು. ಗಾಡಿ ಬಿಟ್ಟ ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಇಜಿಆರ್ ವಾಲ್ವ್ ಬಿಚ್ಚಿ ತೋರಿಸಿದರು. ಒಳಗೆ ಒಲೆಯ ಮೇಲಿನ ಜಂತಿಗೆ ಕಟ್ಟಿದಂಥ ಮಸಿ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ವರ್ಷಕ್ಕೆ ಎಷ್ಟು ಓಡುತ್ತೆ ಅನ್ನೋದು ಬಿಡಿ, ದಿನಕ್ಕೆ ಎಷ್ಟು ಸಲ ಸ್ಟಾರ್ಟ್ ಮಾಡ್ತೀರಿ ಹೇಳಿ.”

ಲೆಕ್ಕ ಹಾಕಿದರೆ ದಿನಕ್ಕೆ ಏಳೆಂಟು ಸಲ. ಡೀಸೆಲ್ ಎಂಜಿನ್ ಶಾಖವನ್ನು ಕಡಿಮೆ ಪೋಲು ಮಾಡುವುದರಿಂದಲೇ ನಿಧಾನವಾಗಿ ಬಿಸಿಯಾಗುತ್ತದೆ. ಪೂರ್ತಿ ಬಿಸಿಯಾಗುವ ಮೊದಲೇ ಆರಿಸುತ್ತ ಹೋದರೆ ಅರೆಬರೆ ಉರಿದ ಹೊಗೆಯ ಮಸಿ, ಹೊಗೆಯನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಆ ವಾಲ್ವಿನಲ್ಲಿ ಎಣ್ಣೆಯ ಆವಿಯೊಡನೆ ಬೆರೆತು ಗಟ್ಟಿಕಟ್ಟುತ್ತದೆ. ಇದು ಕಾರಿನ ದೋಷವಲ್ಲ, ನನ್ನ ಬಳಕೆಯ ದೋಷ. 2020ರ ಏಪ್ರಿಲ್ ನಂತರದ, ಬಿಎಸ್-6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುವವರು ಇದನ್ನು ಇನ್ನೂ ಗಂಭೀರವಾಗಿ ಎಣಿಸಬೇಕು. ಅವುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕವಿದೆ. ಆ ಮಸಿಯನ್ನು ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಹಾಕಲು ಎಡೆಬಿಡದ ಓಟ ಬೇಕು. ಅರ್ಧಕ್ಕೆ ನಿಲ್ಲಿಸುತ್ತ ಬಂದರೆ ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಆಯಿಲನ್ನು ತೆಳುವಾಗಿಸುತ್ತದೆ. ಸ್ಕೋಡಾ ಆಗಲೇ ಇಲ್ಲಿ ಡೀಸೆಲ್ ನಿಲ್ಲಿಸಿದ್ದರಿಂದ ಆಕ್ಟೇವಿಯಾ ಡೀಸೆಲ್ ಎಂದರೆ ಅದಕ್ಕಿಂತ ಹಳೆಯದೇ.

ಪೆಟ್ರೋಲ್ ಕಡೆಗೂ ಎರಡು ಎಚ್ಚರಿಕೆಗಳಿವೆ. 1.8 ಟಿಎಸ್‌ಐಗೆ ಇರುವುದು ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ, ಅಂದರೆ ಜೋಡಿ ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಡೀಸೆಲ್ ಆಟೊಮ್ಯಾಟಿಕ್ಕಿನ ಆರು ಗೇರಿನ ಡಿಎಸ್‌ಜಿಯ ಕ್ಲಚ್ಚು ಆಯಿಲಿನಲ್ಲಿ ಮುಳುಗಿರುತ್ತದೆ, ಅದರ ಆಯಿಲನ್ನು 60,000 ಕಿಲೋಮೀಟರಿಗೊಮ್ಮೆ ಬದಲಿಸಿದರೆ ಬಿಸಿಯನ್ನು ತಡೆದುಕೊಳ್ಳುತ್ತದೆ. ಒಣ ಕ್ಲಚ್ಚು ತೆವಳುವ ದಟ್ಟಣೆಯಲ್ಲಿ ಬೇಗ ಕಾಯುತ್ತದೆ. ನಮ್ಮ ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ನಿಂತಾಗ ಇಂಚಿಂಚು ಜರುಗಿಸದೆ, ಮುಂದಿನ ಗಾಡಿ ಹತ್ತಡಿ ಹೋದ ಮೇಲೆ ಒಂದೇ ಸಲ ಸಾಗುವುದು ಷಡ್ಡಕರು ಬೆಳೆಸಿಕೊಂಡ ಅಭ್ಯಾಸ, ಅವರ ಗೇರ್‌ಬಾಕ್ಸ್ ಈವರೆಗೆ ತಕರಾರು ಮಾಡಿಲ್ಲ. ಕೊಳ್ಳುವವರು ಮೊದಲ ಎರಡು ಗೇರುಗಳಲ್ಲಿ ನಿಧಾನವಾಗಿ ಓಡಿಸಿ ನಡುಕವಿದೆಯೇ ಎಂದು ನೋಡಲೇಬೇಕು. ಎರಡನೆಯದು ಎಥನಾಲ್. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಷಡ್ಡಕರ ಪುಸ್ತಕದಲ್ಲಿ 11 ಇದ್ದ ಪೇಟೆಯ ಸರಾಸರಿ ಈ ವರ್ಷ 10.3 ಆಗಿದೆ. ಮೆಕ್ಕೆಜೋಳ ಬೆಳೆಯುವ ನಮ್ಮ ಜಿಲ್ಲೆಯ ರೈತರಿಗೆ ಎಥನಾಲ್ ಘಟಕಗಳಿಂದ ಹೊಸ ಬೇಡಿಕೆ ಬಂದಿರುವುದು ನನಗೆ ಸಂತೋಷದ ವಿಷಯವೇ. ಆದರೆ ಹತ್ತು ವರ್ಷದ ಹಿಂದಿನ ಪೆಟ್ರೋಲ್ ಕಾರು ಕೊಳ್ಳುವವರು ಈ ಇಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕು, ಇಂಧನದ ರಬ್ಬರ್ ಪೈಪುಗಳನ್ನು ಸರ್ವಿಸಿನಲ್ಲಿ ಕಣ್ಣಿಟ್ಟು ನೋಡಿಸಬೇಕು.

ಕೊಳ್ಳುವ ಯೋಚನೆಯಲ್ಲಿರುವವರಿಗೆ ನಾನು ಹೇಳುವುದಿಷ್ಟು: ಒಂದು ತಿಂಗಳು ನಿಮ್ಮ ಈಗಿನ ಗಾಡಿಯನ್ನು ಎಷ್ಟು ಸಲ ಸ್ಟಾರ್ಟ್ ಮಾಡಿದಿರಿ, ಪ್ರತಿ ಸಲ ಎಷ್ಟು ದೂರ ಹೋದಿರಿ ಎಂದು ಬರೆದಿಡಿ. ಒಂದು ಸಲಕ್ಕೆ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ಬೀಳುವುದಾದರೆ ಡೀಸೆಲ್ ಆಗುತ್ತದೆ. ಐದಾರು ಬೀಳುವುದಾದರೆ, ವರ್ಷಕ್ಕೆ ಎಷ್ಟೇ ಓಡಲಿ, ಪೆಟ್ರೋಲೇ ಸರಿ. ನೋಡಲು ಹೋಗುವಾಗ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಎದ್ದುಬಿಡಿ.

ತಂದೆಯವರು ಚೇತರಿಸಿಕೊಂಡ ಮೇಲೆ ನನ್ನ ಬೆಂಗಳೂರು ಓಡಾಟ ಮತ್ತೆ ಶುರುವಾಯಿತು, ಮೈಲೇಜ್ ಎರಡು ತಿಂಗಳಲ್ಲಿ 16ರ ಮೇಲಕ್ಕೆ ಬಂತು. ಪೇಟೆಯ ಕೆಲಸಕ್ಕೆ ಈಗ ಸ್ಕೂಟರು ಹಿಡಿದಿದ್ದೇನೆ. ಷಡ್ಡಕರ ಮನೆಯವರು ಮಂತ್ರಾಲಯಕ್ಕೋ ಉಡುಪಿಗೋ ಹೊರಟರೆ ನನ್ನ ಡೀಸೆಲ್ ಕಾರು ತೆಗೆದುಕೊಂಡು ಹೋಗುತ್ತಾರೆ, ಅಷ್ಟು ದಿನ ಅವರ ಪೆಟ್ರೋಲ್ ಕಾರು ನಮ್ಮ ಮನೆಯ ಮುಂದೆ ಇರುತ್ತದೆ. ಅಂಥ ದಿನಗಳಲ್ಲಿ ತೋಟಕ್ಕೆ ಹೋಗುವ ತಿರುವುಗಳಲ್ಲಿ ನಾನು ಸ್ವಲ್ಪ ಸುತ್ತು ಹಾಕಿಯೇ ಬರುತ್ತೇನೆ.