ಹೆಸರಿಲ್ಲದ ಡಬ್ಬಿಯ ‘ಕ್ಯಾಲ್ಸಿಯಂ’: ಸಮುದ್ರದ ಅಕ್ವೇರಿಯಂ ಇಟ್ಟವರು ಓದಿ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು, ಅದರ ದೇಖರೇಖಿಯನ್ನು ತಿಂಗಳ ಲೆಕ್ಕದಲ್ಲಿ ಯಾರಿಗಾದರೂ ಒಪ್ಪಿಸಿದವರು ಕಾರವಾರ, ಅಂಕೋಲಾ, ಕುಮಟಾ ಕಡೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನೋಡಿಕೊಳ್ಳಲು ಬಂದವನು ಹೆಸರು, ಸಂಯೋಜನೆ ಏನನ್ನೂ ಬರೆಯದ ಡಬ್ಬಿಯಿಂದ ಬಿಳಿ ಪುಡಿ ತೆಗೆದು ‘ಕ್ಯಾಲ್ಸಿಯಂ’ ಎಂದರೆ ಅಲ್ಲಿಯೇ ಅವನ ಕೈ ತಡೆಯಿರಿ. ಈ ಮಳೆಗಾಲದಲ್ಲಿ ನಮ್ಮ ಮನೆಯ 200 ಲೀಟರಿನ ಟ್ಯಾಂಕು ಹಾಳಾದದ್ದು ಹಾಗೆ. ಅದನ್ನು ನೋಡಿಕೊಳ್ಳುತ್ತಿದ್ದ ಅಂಗಡಿಯ ಹೆಸರು ಹೇಳುವುದಿಲ್ಲ. ಹೆಸರು ತಿಳಿದರೆ ಆ ಒಂದು ಅಂಗಡಿಯನ್ನು ಬಿಟ್ಟು ಉಳಿದವರನ್ನು ಕಣ್ಣು ಮುಚ್ಚಿ ನಂಬುತ್ತೀರಿ.

ನನ್ನ ಟ್ಯಾಂಕಿನಲ್ಲಿದ್ದದ್ದು ಮೆದು ಹವಳಗಳು ಮಾತ್ರ: ಜೊಯಾಂಥಿಡ್, ಮಶ್ರೂಮ್, ಒಂದು ಲೆದರ್. ಜೊತೆಗೆ ಎರಡು ಕ್ಲೌನ್ ಮೀನು, ಕೆಲವು ಶಂಖದ ಹುಳುಗಳು, ಕಲ್ಲಿನ ಮೇಲೆ ಹಬ್ಬಿದ ಗುಲಾಬಿ ಬಣ್ಣದ ಕೋರಲೈನ್ ಪಾಚಿ. ಗಟ್ಟಿ ಹವಳ ನನ್ನಲ್ಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿಯೇ ಅವು ಸೇರಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಇದನ್ನು ಹೇಳುವುದಕ್ಕೆ ಕಾರಣವಿದೆ. ಇದೇ ಅಂಗಡಿಯವನು ಒಮ್ಮೆ, “ಸರ್, ನೇತ್ರಾಣಿ ದ್ವೀಪದ ಹವಳದ ಕಲ್ಲು ಬೇಕಾದರೆ ಹೇಳಿ, ತರಿಸಿಕೊಡುತ್ತೇನೆ” ಎಂದಿದ್ದ. ಬೇಡ ಎಂದೆ. ಯಾರಾದರೂ ನಿಮಗೂ ಹಾಗೆ ಹೇಳಿದರೆ ಕಲ್ಲಿನ ಜೊತೆಗೆ ಅವರ ಕೆಲಸವನ್ನೂ ಬೇಡ ಎನ್ನಿ.

ಗೊಡವೆ ಶುರುವಾದದ್ದು ನೀರಿನಿಂದ. ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಹೊಸ ನೀರು ತುಂಬುವುದು ಅಂಗಡಿಯವರ ಕೆಲಸ. ಕ್ಯಾನುಗಳಲ್ಲಿ ತರುತ್ತಿದ್ದದ್ದು “ದೋಣಿಯಲ್ಲಿ ಹೋಗಿ ಆಳ ಸಮುದ್ರದಿಂದ ತುಂಬಿಸಿದ್ದು, ಸೋಸಿದ್ದು” ಎಂಬ ನೀರು. ಬೇಸಿಗೆಯಲ್ಲಿ ಅದು ನಿಜವಿದ್ದೀತು. ಆದರೆ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಆ ಗಾಳಿ, ಆ ಅಲೆಯಲ್ಲಿ ನನ್ನ ಎರಡು ಕ್ಲೌನ್ ಮೀನುಗಳಿಗಾಗಿ ಆಳ ಸಮುದ್ರಕ್ಕೆ ಹೋದವರು ಯಾರು? ತೀರದಲ್ಲಿಯೇ ತುಂಬಿಸಿದ ನೀರು ಅದು. ಆ ದಿನಗಳಲ್ಲಿ ಕಾಳಿ ನದಿ ತುಂಬಿ ಹರಿದು ಸಮುದ್ರ ಸೇರುತ್ತಿರುತ್ತದೆ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರಂತೂ ದಡದ ಬಳಿ ಕೆಂಪು ಕದಡಿದ ನೀರೇ ಕಾಣುತ್ತದೆ. ಉಪ್ಪು ಎಲ್ಲಿಂದ ಉಳಿಯಬೇಕು?

ಸಹಜ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ, ಸಾಪೇಕ್ಷ ಸಾಂದ್ರತೆ (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು) 1.026ರ ಆಸುಪಾಸು. ಕ್ಯಾಲ್ಸಿಯಂ 400ರಿಂದ 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು), ಮೆಗ್ನೀಸಿಯಂ 1,300ರ ಹತ್ತಿರ, ಕ್ಷಾರೀಯತೆ, ಅಂದರೆ ಹೆಚ್ಚಾಗಿ ನೀರಿನಲ್ಲಿ ಕರಗಿದ ಬೈಕಾರ್ಬೊನೇಟಿನ ಅಳತೆಯಾದ ಕೆಎಚ್, ಸುಮಾರು 7 ಡಿಗ್ರಿ. ನೀರು ತೆಳ್ಳಗಾದರೆ ಇವೆಲ್ಲವೂ ಒಟ್ಟಿಗೇ ಇಳಿಯುತ್ತವೆ. ನಮ್ಮ ಟ್ಯಾಂಕು ಮೆಲ್ಲಗೆ 1.021ಕ್ಕೆ ಬಂದಿತ್ತು. ಅಲ್ಲಿ ಕ್ಯಾಲ್ಸಿಯಂ 340ರ ಸುತ್ತ ಇರುವುದು ರೋಗವಲ್ಲ, ಲೆಕ್ಕ. ಬೇಕಾಗಿದ್ದದ್ದು ಉಪ್ಪು, ಕ್ಯಾಲ್ಸಿಯಂ ಅಲ್ಲ.

ಅಂಗಡಿಯವನು ಉಪ್ಪನ್ನು ಅಳೆಯಲಿಲ್ಲ. ಕೆಎಚ್ ಅಳೆಯಲಿಲ್ಲ. ಕ್ಯಾಲ್ಸಿಯಂ ಕಿಟ್ ಒಂದನ್ನೇ ತೆಗೆದು ಹನಿ ಎಣಿಸಿ, “ಕ್ಯಾಲ್ಸಿಯಂ ಬಿದ್ದುಹೋಗಿದೆ ಸರ್, ಇಂದೇ ಹಾಕಬೇಕು” ಎಂದ. ಬಿಲ್ಲಿನಲ್ಲಿ ‘ಇಂಪೋರ್ಟೆಡ್ ಕ್ಯಾಲ್ಸಿಯಂ’ ಎಂದು ಬರೆದ. ಎರಡು ದೊಡ್ಡ ಚಮಚ ಪುಡಿಯನ್ನು ಮಗ್ಗಿನಲ್ಲಿ ಕದಡಿದ, ಕರಗಲಿಲ್ಲ, ಹಾಲಿನಂತಾಯಿತು. ಅದನ್ನು ಹಾಗೆಯೇ ಪಂಪಿನ ಬಾಯಿಯ ಹತ್ತಿರ ಸುರಿದು, ಡಬ್ಬಿಯನ್ನು ಮುಂದಿನ ವಾರಕ್ಕೆಂದು ನಮ್ಮಲ್ಲಿಯೇ ಬಿಟ್ಟು ಹೊರಟ.

ಮೊದಲು ಮೋಡದ ಹಾಗೆ ಒಂದು ಬಿಳಿ ಉಂಡೆ ಎದ್ದಿತು. ಅದು ಕರಗುತ್ತದೆ ಎಂದು ಕಾಯುತ್ತಿದ್ದರೆ, ಕರಗುವ ಬದಲು ಇಡೀ ನೀರಿಗೆ ಹರಡಿತು. ಹಿಂದಿನ ಗಾಜು ಕಾಣದಾಯಿತು. ಜೊಯಾಂಥಿಡ್‌ಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಲೆದರ್ ತನ್ನ ಎಳೆಗಳನ್ನು ಒಳಗೆ ಎಳೆದುಕೊಂಡು ಚರ್ಮದ ತುಂಡಾಗಿ ಕುಳಿತಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದವು. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಪರೀಕ್ಷಿಸಿದರೆ ಅದು ಎಷ್ಟು ಏರಿತ್ತೆಂದರೆ, ಕಿಟ್ಟಿನ ಪಟ್ಟಿಯಲ್ಲಿ ಅದಕ್ಕಿಂತ ಮುಂದಿನ ಬಣ್ಣವೇ ಇಲ್ಲ. ರಾತ್ರಿಯ ಹೊತ್ತಿಗೆ ಪಂಪು ಗುರುಗುಟ್ಟಿ ನಿಂತಿತು. ಬಿಚ್ಚಿ ನೋಡಿದರೆ ಒಳಗಿನ ಚಕ್ರಕ್ಕೆ ಮರಳುಕಾಗದದಂತೆ ಒರಟಾದ ಬಿಳಿ ಪೊರೆ ಹತ್ತಿತ್ತು. ಉಗುರಿನಿಂದ ಕೆರೆದರೂ ಏಳಲಿಲ್ಲ.

ಪುಡಿ ಏನೆಂದು ಹಿಡಿದವಳು ನಮ್ಮ ಆಯಿ. ಕವಳ (ಸುಣ್ಣ ಹಚ್ಚಿದ ಎಲೆ ಅಡಿಕೆ) ಹಾಕುವವಳು, ಮೂಸಿದ ಕೂಡಲೇ “ತಮಾ, ಇದು ಸುಣ್ಣವಲ್ಲವೇ?” ಎಂದಳು. ನನಗೆ ನಂಬಿಕೆ ಬರಲಿ ಎಂದು ಚಿಟಿಕೆ ಅರಿಶಿನಕ್ಕೆ ನೀರು ಹಾಕಿ ಅದರಲ್ಲಿ ಪುಡಿ ಕಲಸಿದಳು. ಆರತಿಗೆ ಕದಡುವ ಓಕುಳಿಯ ಕೆಂಪು! ಗೋಡೆಗೆ ಬಳಿಯುವ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಕ್ಯಾಲ್ಸಿಯಂ ಮಾತ್ರ ಏರಿಸಲು ಬಳಸುವ ಕ್ಯಾಲ್ಸಿಯಂ ಕ್ಲೋರೈಡ್ ಅರಿಶಿನವನ್ನು ಹಾಗೆ ಕೆಂಪಾಗಿಸುವುದಿಲ್ಲ. ಅದು ನೀರಿಗೆ ಬಿದ್ದರೆ ಬಿಸಿಯಾಗುತ್ತದೆ, ತಿಳಿಯಾಗಿ ಕರಗುತ್ತದೆ. ನಮ್ಮ ಕರಾವಳಿಯ ಆಷಾಢದ ಹವೆಯಲ್ಲಿ ಅದರ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವವನ್ನೇ ಕುಡಿದು ನೀರಾಗುತ್ತದೆ. ಈ ಪುಡಿ ಜುಲೈಯಲ್ಲಿಯೂ ಪುಡಿಯಾಗಿಯೇ ಇತ್ತು. ಒಗೆಯುವ ಸೋಡಾ ಕೂಡ ಅರಿಶಿನವನ್ನು ಕೆಂಪು ಮಾಡುತ್ತದೆ, ಆದರೆ ಅದಕ್ಕೆ ವಿನೆಗರ್ ಬಿಟ್ಟರೆ ಬುರುಬುರು ನೊರೆ ಬರುತ್ತದೆ. ಹೊಸ ಸುಣ್ಣಕ್ಕೆ ಹಾಗೆ ಬರುವುದಿಲ್ಲ.

ಈಗ ತಮಾಷೆ ನೋಡಿ. ಮರುದಿನ ನನ್ನದೇ ಕಿಟ್ಟಿನಲ್ಲಿ ಅಳೆದರೆ ಕ್ಯಾಲ್ಸಿಯಂ 310ಕ್ಕೆ ಇಳಿದಿತ್ತು, ಕೆಎಚ್ 4ಕ್ಕೆ. ಕ್ಯಾಲ್ಸಿಯಂ ಸುರಿದದ್ದಕ್ಕೆ ಕ್ಯಾಲ್ಸಿಯಂ ಕಡಿಮೆಯಾಗಿತ್ತು. ಕಾರಣ ಸರಳ. ನೀರಿನಲ್ಲಿರುವ ಬೈಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಸಾಮಾನ್ಯ ಪಿಎಚ್‌ನಲ್ಲಿ ಜಗಳವಿಲ್ಲದೆ ಇರುತ್ತವೆ. ನಡುವೆ ಮೆಗ್ನೀಸಿಯಂ ನಿಂತು ಹರಳು ಬೆಳೆಯದಂತೆ ತಡೆಯುತ್ತದೆ. ಸುಣ್ಣ ಒಮ್ಮೆಲೇ ಬಿದ್ದಾಗ ಪಿಎಚ್ ಜಿಗಿದು ಬೈಕಾರ್ಬೊನೇಟ್ ಎಲ್ಲ ಕಾರ್ಬೊನೇಟ್ ಆಗುತ್ತದೆ. ಅದು ಸಿಕ್ಕಿದ ಕ್ಯಾಲ್ಸಿಯಂ ಹಿಡಿದು ಸುಣ್ಣದ ಕಲ್ಲಾಗಿ ಉದುರುತ್ತದೆ. ಹಾಕಿದ ಸುಣ್ಣದ ಕ್ಯಾಲ್ಸಿಯಂ ಹೋಗುವುದಲ್ಲದೆ, ಅಷ್ಟೇ ಪ್ರಮಾಣದ ಹಳೆಯ ಕ್ಯಾಲ್ಸಿಯಂ ಕೂಡ ಅದರ ಜೊತೆ ಹೋಗುತ್ತದೆ. ಪಂಪಿಗೆ ಹತ್ತಿದ ಪೊರೆ ಅದೇ. ಮೀನುಗಳು ಬಾಯಿ ಬಡಿದದ್ದಕ್ಕೆ ಇನ್ನೊಂದು ಕಾರಣವೂ ಇದೆ: ಪಿಎಚ್ ಏರಿದಂತೆ ನೀರಿನಲ್ಲಿರುವ ಅಲ್ಪಸ್ವಲ್ಪ ಅಮೋನಿಯಂ ವಿಷಕಾರಿ ಅಮೋನಿಯಾ ಆಗಿ ಬದಲಾಗುತ್ತದೆ.

ಸುಣ್ಣವೇ ಕೆಟ್ಟದ್ದು ಎನ್ನುತ್ತಿಲ್ಲ. ಶುದ್ಧ ಸುಣ್ಣದ ತಿಳಿನೀರನ್ನು ಹವಳ ಸಾಕುವವರು ದಶಕಗಳಿಂದ ಬಳಸುತ್ತಿದ್ದಾರೆ, ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡನ್ನೂ ಅದು ಸಮತೂಕದಲ್ಲಿ ಕೊಡುತ್ತದೆ. ಆದರೆ ಲೀಟರಿಗೆ ಸುಮಾರು ಒಂದೂವರೆ ಗ್ರಾಂಗಿಂತ ಹೆಚ್ಚು ಕರಗುವುದಿಲ್ಲ. ಮೇಲಿನ ತಿಳಿಯನ್ನು ಮಾತ್ರ, ಪಿಎಚ್ ತಾನಾಗಿ ಇಳಿದಿರುವ ರಾತ್ರಿಯಲ್ಲಿ, ಹನಿಹನಿಯಾಗಿ ಬಿಡಬೇಕು. ಅದೂ ಗಟ್ಟಿ ಹವಳ ತುಂಬಿದ ಟ್ಯಾಂಕಿಗೆ. ನನ್ನಂಥ ಮೆದು ಹವಳದ ಟ್ಯಾಂಕಿಗೆ ಸರಿಯಾದ ಉಪ್ಪಿನ ನೀರು ಬದಲಿಸುತ್ತಿದ್ದರೆ ಏನನ್ನೂ ಸುರಿಯುವ ಅಗತ್ಯ ಇಲ್ಲ ಎಂದರೂ ನಡೆದೀತು.

ನಿಮ್ಮಲ್ಲಿ ಇಂಥದ್ದು ಆದರೆ ಮೊದಲು ಪಿಎಚ್ ಇಳಿಸಿ. ಗಾಳಿ ಪಂಪು ಜೋರಾಗಿ ಓಡಿಸಿ. ಸಕ್ಕರೆ, ಲಿಂಬು ಏನೂ ಇಲ್ಲದ, ಕುಡಿಯುವ ಸಾದಾ ಸೋಡಾ ನೀರನ್ನು ಹರಿವಿರುವ ಕಡೆ ಸ್ವಲ್ಪ ಸ್ವಲ್ಪ ಬಿಟ್ಟು, ನಡುನಡುವೆ ಪಿಎಚ್ ನೋಡುತ್ತ ಹೋಗಬಹುದು. ಅದರ ಇಂಗಾಲದ ಡೈಆಕ್ಸೈಡ್ ಕೆಲಸ ಮಾಡುತ್ತದೆ. ಆಮೇಲೆ ಪ್ಯಾಕೆಟ್ಟಿನ ಅಕ್ವೇರಿಯಂ ಉಪ್ಪಿನಲ್ಲಿ ಕದಡಿದ ನೀರು ಬದಲಿಸಿ. ಕೆಎಚ್ ಏರಿಸಲು ಅವಸರ ಬೇಡ. 200 ಲೀಟರಿಗೆ 6 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ, ದಿನಕ್ಕೆ ಅಷ್ಟು ಸಾಕು. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಹಿಟ್ಟು, ಆಮ್ಲ ಬೇರೆ ಇರುತ್ತವೆ. ಪಂಪನ್ನು ವಿನೆಗರಿನಲ್ಲಿ ನೆನೆಸಿಟ್ಟರೆ ಪೊರೆ ಬಿಡುತ್ತದೆ.

ನಮ್ಮಲ್ಲಿ ಒಂದು ಕ್ಲೌನ್ ಮೀನು, ಶಂಖದ ಹುಳುಗಳೆಲ್ಲ ಮತ್ತು ಲೆದರ್ ಹೋದವು. ಜೊಯಾಂಥಿಡ್‌ಗಳಲ್ಲಿ ಅರ್ಧ ಉಳಿದಿವೆ. ಅಂಗಡಿಯವನಿಗೆ ಫೋನ್ ಮಾಡಿದರೆ ಮೊದಲು “ಮಳೆಗಾಲದ ಹವೆ ಸರ್” ಎಂದ, ಆಮೇಲೆ “ಮೀನಿಗೆ ವಯಸ್ಸಾಗಿತ್ತು” ಎಂದ. ಅರಿಶಿನದ ವಿಷಯ ತೆಗೆದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದಾನೆ.

ಈಗಾಗಲೇ ಯಾರಿಗಾದರೂ ಕೆಲಸ ಒಪ್ಪಿಸಿದ್ದರೆ ಇಷ್ಟನ್ನು ಕೇಳಿ: ಕ್ಯಾನಿನ ನೀರನ್ನು ಟ್ಯಾಂಕಿಗೆ ಸುರಿಯುವ ಮೊದಲು ನಿಮ್ಮೆದುರು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ತೋರಿಸಬೇಕು, ಉಪ್ಪು ನೋಡಿ, ಕೆಎಚ್ ನೋಡಿ, ಅದಾದ ಮೇಲೆ ಕ್ಯಾಲ್ಸಿಯಂ ಮಾತು. ಕಿಟ್ಟಿನ ಬಾಟಲಿಯ ಮೇಲಿನ ಅವಧಿಯ ತಾರೀಖು ಓದಿ. ನಮ್ಮ ಉಸ್ತುವಾರಿಯವನ ಕಿಟ್ಟಿನಲ್ಲಿ ಅದನ್ನು ಕೆರೆದು ತೆಗೆದಿದ್ದರು. ಹಾಕುವ ಪುಡಿಯ ರಾಸಾಯನಿಕ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಆ ತಿಂಗಳ ಹಣವನ್ನು ಕೊಡಬೇಡಿ.