ದೊಡ್ಡ ಬ್ಯಾಂಕೊಂದರ ಇಂಟರ್ನ್‌ಶಿಪ್ ಸಂದರ್ಶನ: ಹತ್ತಕ್ಕೆ ಆರು

ಸಂದರ್ಶನದ ಫಲಿತಾಂಶ ತಿಳಿಯುವ ಮುಂಚೆಯೇ, ಎರಡನೆಯ ದಿನಕ್ಕೆ, ಅಭಿಪ್ರಾಯ ಕೇಳುವ ನಮೂನೆಯೊಂದು ನನ್ನ ಇಮೇಲ್‌ಗೆ ಬಂದಿತ್ತು. ನಮ್ಮ ಆಯ್ಕೆ ಪ್ರಕ್ರಿಯೆಯನ್ನು ಗೆಳೆಯರಿಗೆ ಶಿಫಾರಸು ಮಾಡುವಿರಾ ಎಂಬ ಪ್ರಶ್ನೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿಯನ್ನು ಒತ್ತಬೇಕಿತ್ತು. ಕಾರಣ ಬರೆಯಲು ಜಾಗವಿರಲಿಲ್ಲ. ನಾನು ಆರು ಒತ್ತಿದೆ. ಆ ಆರು ಹೇಗೆ ಬಂತೆಂಬುದನ್ನು, ಮುಂದಿನ ವರ್ಷ ಇಂಥ ಸಂಸ್ಥೆಗಳಿಗೆ ಅರ್ಜಿ ಹಾಕುವವರಿಗೆ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಬೇಡ. ಬೆಂಗಳೂರಿನಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿರುವ ವಿದೇಶಿ ಹೂಡಿಕೆ ಬ್ಯಾಂಕುಗಳಲ್ಲಿ ಒಂದು ಎಂದರೆ ಸಾಕು.

ಎಂಜಿನಿಯರಿಂಗ್ ಮೂರನೆಯ ವರ್ಷದ ಆರಂಭದಲ್ಲಿ ಆಯ್ಕೆ ನಡೆಸಿ, ಮುಂದಿನ ಬೇಸಿಗೆಯಲ್ಲಿ ಎರಡು ತಿಂಗಳಿಗೂ ತುಸು ಹೆಚ್ಚು ಕಾಲ ಕೆಲಸ ಕೊಡುವ ವ್ಯವಸ್ಥೆ ಇದು. ಆ ಅವಧಿಯಲ್ಲಿ ಹೆಸರು ಗಳಿಸಿದವರಿಗೆ ಕೊನೆಯ ವರ್ಷದ ಪ್ಲೇಸ್‌ಮೆಂಟ್ ಗಲಾಟೆಗೆ ಮೊದಲೇ ಕಾಯಂ ಕೆಲಸದ ಪತ್ರ ಸಿಗುವುದುಂಟು. ಆದ್ದರಿಂದಲೇ ಈ ನೂಕುನುಗ್ಗಲು. ಮೊದಲ ಸುತ್ತಿನ ಆನ್‌ಲೈನ್ ಪರೀಕ್ಷೆಯಲ್ಲಿ ಎರಡು ಕೋಡಿಂಗ್ ಪ್ರಶ್ನೆಗಳು ಮತ್ತು ಒಂದಿಷ್ಟು ಸಂಭವನೀಯತೆಯ ಲೆಕ್ಕಗಳಿದ್ದವು. ಅದರಲ್ಲಿ ದೂರುವಂಥದ್ದೇನೂ ಇರಲಿಲ್ಲ.

ಎರಡನೆಯ ಸುತ್ತು ನನಗೆ ಎಳ್ಳಷ್ಟೂ ಹಿಡಿಸಲಿಲ್ಲ. ಅದು ಎದುರಿಗೆ ಯಾರೂ ಇಲ್ಲದ ವಿಡಿಯೊ ಸಂದರ್ಶನ. ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಯೋಚಿಸಲು ಮೂವತ್ತು ಸೆಕೆಂಡು ಸಿಗುತ್ತದೆ, ಬಳಿಕ ಎರಡು ನಿಮಿಷ ಕ್ಯಾಮೆರಾದ ಕಡೆ ನೋಡುತ್ತ ಮಾತನಾಡಬೇಕು. ಮೂಲೆಯಲ್ಲಿ ನಮ್ಮದೇ ಮುಖ, ಅದರ ಕೆಳಗೆ ಇಳಿಯುತ್ತಿರುವ ಗಡಿಯಾರ. ತಂಡದೊಳಗಿನ ಭಿನ್ನಾಭಿಪ್ರಾಯವನ್ನು ನಾನು ಹೇಗೆ ನಿಭಾಯಿಸಿದೆನೆಂದು ವಿವರಿಸುತ್ತಿದ್ದಾಗಲೇ ಹಾಸ್ಟೆಲಿನ ಕರೆಂಟು ಹೋಗಿ ಜನರೇಟರ್ ಗುಡುಗಿತು. ಎದುರಿಗೆ ಮನುಷ್ಯರಿದ್ದಿದ್ದರೆ ಇಬ್ಬರೂ ನಕ್ಕು ಮುಂದುವರಿಯುತ್ತಿದ್ದೆವು. ಯಂತ್ರಕ್ಕೆ ನಗು ಬರುವುದಿಲ್ಲ, ‘ಇನ್ನೊಮ್ಮೆ ಹೇಳಿ’ ಎನ್ನಲೂ ಬರುವುದಿಲ್ಲ. ನಾವು ಮಾತನಾಡುವುದು ಕೇಳುವವರ ಮುಖ ನೋಡಿಕೊಂಡು, ಅವರು ತಲೆಯಾಡಿಸಿದರೆ ಮುಂದಕ್ಕೆ ಹೋಗಿ, ಹುಬ್ಬು ಗಂಟಿಕ್ಕಿದರೆ ಹಿಂದಕ್ಕೆ ಬಂದು. ಆ ಆಸರೆಯನ್ನು ತೆಗೆದಮೇಲೆ ಉಳಿಯುವುದು ಬಾಯಿಪಾಠದ ಪರೀಕ್ಷೆ ಮಾತ್ರ. ಸಾವಿರಾರು ಅರ್ಜಿಗಳನ್ನು ಸೋಸಲು ಸಂಸ್ಥೆಗೆ ಇದರಿಂದ ಅನುಕೂಲವಿರಬಹುದು, ಅಭ್ಯರ್ಥಿಗಂತೂ ಯಾವ ಅನುಕೂಲವೂ ಇಲ್ಲ.

ಹೇಗೋ ಅದನ್ನು ದಾಟಿದ ಮೇಲೆ ಕಚೇರಿಗೆ ಕರೆ ಬಂತು. ಗೇಟಿನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರನ್ನು ರಿಜಿಸ್ಟರಿನಲ್ಲಿ ಬರೆಸಿ, ಫೋಟೊ ಹಿಡಿಸಿಕೊಂಡು, ಕೊರಳಿಗೆ ಭೇಟಿಗೆ ಬಂದವರ ಬಿಲ್ಲೆ ತೊಟ್ಟು ಒಳಗೆ ಹೋದರೆ ಹತ್ತು ಗಂಟೆಯ ಸಂದರ್ಶನ ಶುರುವಾದದ್ದು ಹನ್ನೊಂದು ಮುಕ್ಕಾಲಿಗೆ. ತಡವಾಗಿದ್ದಕ್ಕೆ ಯಾರೂ ಒಂದು ಮಾತು ಹೇಳಲಿಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು.

ಈ ಬರಹದಲ್ಲಿ ಹೊಗಳಿಕೆ ಏನಾದರೂ ಇದ್ದರೆ ಅದೆಲ್ಲವೂ ಮುಂದಿನ ಐವತ್ತು ನಿಮಿಷಕ್ಕೆ ಸಲ್ಲಬೇಕು. ಸಂದರ್ಶಕರು ನನ್ನ ರೆಸ್ಯೂಮೆಯನ್ನು ಮಗುಚಿಟ್ಟು, ಅದರ ಬೆನ್ನ ಮೇಲೆಯೇ ಒಂದು ದಾಳದ ಚಿತ್ರ ಬರೆದರು. ದಾಳವನ್ನು ಒಮ್ಮೆ ಉರುಳಿಸಿದರೆ ಎಷ್ಟು ಬೀಳುತ್ತದೆಯೋ ಅಷ್ಟು ರೂಪಾಯಿ ನಿಮಗೆ. ಬಿದ್ದದ್ದು ಇಷ್ಟವಾಗದಿದ್ದರೆ ಅದನ್ನು ಬಿಟ್ಟು ಇನ್ನೊಂದೇ ಒಂದು ಸಲ ಉರುಳಿಸಬಹುದು. ಈ ಆಟಕ್ಕೆ ಕೂರಲು ಎಷ್ಟು ಕೊಡುತ್ತೀರಿ? ಒಂದೇ ಉರುಳಿಕೆಯ ಸರಾಸರಿ ಎಷ್ಟೆಂದು ನಾನು ಬಾಯೊಳಗೇ ‘ಮೂರೂವರೆ’ ಎಂದು ಗೊಣಗಿಕೊಂಡೆ. ಅದನ್ನು ಕೇಳಿಸಿಕೊಂಡ ಅವರು, ಅಲ್ಲಿಯತನಕ ಇಂಗ್ಲಿಷಿನಲ್ಲೇ ಮಾತನಾಡಿದ್ದವರು, “ಮೂರೂವರೆ ಎಲ್ಲಿಂದ ಬಂತು?” ಎಂದು ಕನ್ನಡದಲ್ಲಿ ಕೇಳಿದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ಒಂದು ಪ್ರಶ್ನೆಯಿಂದ ಎದೆಯ ಭಾರ ಇಳಿಯಿತು. ಎರಡನೆಯ ಉರುಳಿಕೆಯ ಬೆಲೆ ಮೂರೂವರೆ ರೂಪಾಯಿ ಆಗಿರುವುದರಿಂದ, ಮೊದಲ ಸಲ ನಾಲ್ಕು, ಐದು ಅಥವಾ ಆರು ಬಿದ್ದರೆ ಇಟ್ಟುಕೊಳ್ಳಬೇಕು, ಅದಕ್ಕಿಂತ ಕಡಿಮೆ ಬಿದ್ದರೆ ಬಿಡಬೇಕು. ಅರ್ಧ ಸಲ ಸರಾಸರಿ ಐದು, ಇನ್ನರ್ಧ ಸಲ ಮೂರೂವರೆ, ಒಟ್ಟಿನಲ್ಲಿ ನಾಲ್ಕೂಕಾಲು. “ಸರಿ, ಹಾಗಾದರೆ ಮೂರು ಸಲ ಉರುಳಿಸಲು ಬಿಟ್ಟರೆ?” ಎಂದರು. ಈಗ ಕೈಬಿಡುವ ಗೆರೆ ನಾಲ್ಕೂಕಾಲಿಗೆ ಏರಿದ್ದರಿಂದ ಮೊದಲು ಬಿದ್ದ ನಾಲ್ಕನ್ನೂ ಬಿಡಬೇಕೆಂಬುದು ನನಗೆ ಒಂದು ನಿಮಿಷ ಹೊಳೆಯಲಿಲ್ಲ. ಅವರು ಆತುರಪಡಿಸದೆ ಪೆನ್ನನ್ನು ನನ್ನ ಕಡೆ ತಳ್ಳಿದರು. ಉತ್ತರ ಸುಮಾರು 4.67.

ಬಾಂಡುಗಳ, ಎಂದರೆ ಸರ್ಕಾರವೋ ಕಂಪನಿಯೋ ನಿಗದಿತ ಬಡ್ಡಿಗೆ ಸಾಲ ಪಡೆದು ಕೊಡುವ ಪತ್ರಗಳ, ಪ್ರಶ್ನೆಯೂ ಇದೇ ಧಾಟಿಯದು. ಬಡ್ಡಿ ದರ ಏರಿದರೆ ಹಳೆಯ ಬಾಂಡಿನ ಬೆಲೆ ಏಕೆ ಇಳಿಯುತ್ತದೆ ಎಂದಾಗ ನಾನು ಪುಸ್ತಕದ ಸೂತ್ರ ಹೇಳತೊಡಗಿದೆ. ಅವರು ತಡೆದು, ಸೂತ್ರ ಗೊತ್ತಿಲ್ಲದವರಿಗೆ ಹೇಳಿ ಎಂದರು. ಅಪ್ಪ ನಮ್ಮೂರ ಸಹಕಾರ ಸಂಘದಲ್ಲಿ ಠೇವಣಿ ಇಟ್ಟ ಮರುತಿಂಗಳೇ ಸಂಘದವರು ಬಡ್ಡಿ ಏರಿಸಿದಾಗ ಮನೆಯಲ್ಲಿ ನಡೆದ ಮಾತುಕತೆಯನ್ನು ನೆನಪಿಸಿಕೊಂಡು ಹೇಳಿದೆ: ವರ್ಷದ ಕೊನೆಗೆ 106 ರೂಪಾಯಿ ಕೊಡುವ ಹಳೆಯ ಪತ್ರವನ್ನು, ಪೇಟೆಯಲ್ಲಿ ಶೇಕಡ 8ರ ಬಡ್ಡಿ ಸಿಗುವಾಗ, ಯಾರೂ ನೂರು ರೂಪಾಯಿಗೆ ಕೊಳ್ಳುವುದಿಲ್ಲ, 98 ರೂಪಾಯಿ 15 ಪೈಸೆಯ ಸುಮಾರಿಗೆ ಬಿಟ್ಟುಕೊಡಬೇಕು. ವರ್ಷವರ್ಷವೂ ಅದೇ ಆರು ರೂಪಾಯಿ ಬಡ್ಡಿ ಕೊಡುವ ಹತ್ತು ವರ್ಷದ ಪತ್ರವಾದರೆ ಪೆಟ್ಟು ಎಷ್ಟೋ ಪಾಲು ದೊಡ್ಡದು, ಬೆಲೆ 87ಕ್ಕಿಂತ ಕೆಳಗೆ ಹೋಗುತ್ತದೆ. ಅಲ್ಲಿಂದ ಮಾತು 2023ರ ಮಾರ್ಚ್‌ನಲ್ಲಿ ಮುಳುಗಿದ ಸಿಲಿಕಾನ್ ವ್ಯಾಲಿ ಬ್ಯಾಂಕಿಗೆ ಹೊರಳಿತು. ಅಮೆರಿಕದ ಕೇಂದ್ರ ಬ್ಯಾಂಕು ಒಂದು ವರ್ಷದೊಳಗೆ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಶೇಕಡ 4.5ಕ್ಕೂ ಮೇಲೆ ಒಯ್ದಾಗ, ದೀರ್ಘಾವಧಿಯ ಬಾಂಡುಗಳನ್ನು ರಾಶಿ ಹಾಕಿಕೊಂಡಿದ್ದ ಆ ಬ್ಯಾಂಕಿಗೆ, ಠೇವಣಿದಾರರು ಹಣ ಹಿಂದಕ್ಕೆ ಪಡೆಯತೊಡಗಿದಾಗ, ಅವನ್ನು ನಷ್ಟಕ್ಕೆ ಮಾರದೆ ಗತಿಯಿರಲಿಲ್ಲ. ನನ್ನ ಇಡೀ ಸೆಮಿಸ್ಟರಿನ ಹಣಕಾಸು ಪಾಠಕ್ಕಿಂತ ಆ ಹದಿನೈದು ನಿಮಿಷದಲ್ಲಿ ಹೆಚ್ಚು ಅರ್ಥವಾಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಕೊನೆಯ ಎಚ್‌ಆರ್ ಸುತ್ತು ಹತ್ತು ನಿಮಿಷದ ಔಪಚಾರಿಕತೆ. ಒಂದು ವಾರದಲ್ಲಿ ತಿಳಿಸುತ್ತೇವೆ ಎಂದು ಅಲ್ಲಿ ಹೇಳಿದರು. ವಾರ ಎರಡಾಯಿತು, ಎರಡು ಮೂರಾಯಿತು. ಬರೆದ ಎರಡು ಇಮೇಲ್‌ಗಳಿಗೂ ಉತ್ತರವಿಲ್ಲ. ಒಂದು ಸಂಸ್ಥೆಯ ಫಲಿತಾಂಶ ಬರುವವರೆಗೆ ಇನ್ನೊಂದಕ್ಕೆ ಕೂರುವಂತಿಲ್ಲ ಎಂಬ ನಿಯಮ ನಮ್ಮ ಕಾಲೇಜಿನಲ್ಲಿದೆ. ಆ ಮೌನದ ಅವಧಿಯಲ್ಲಿ ಎರಡು ಒಳ್ಳೆಯ ಸಂಸ್ಥೆಗಳು ಬಂದು ಹೋದವು, ನಾನು ಗ್ರಂಥಾಲಯದ ಕಿಟಕಿಯಿಂದ ಅವರ ಕಾರುಗಳನ್ನು ನೋಡುತ್ತಿದ್ದೆ. ಇಲ್ಲ ಎನ್ನುವುದಾದರೂ ಬೇಗ ಹೇಳಿದ್ದರೆ, ಎರಡನೆಯ ದಿನವೇ ಒತ್ತಿದ್ದ ಆ ಆರನ್ನು ಮನಸ್ಸಿನಲ್ಲಾದರೂ ಎಂಟು ಮಾಡಿಕೊಳ್ಳುತ್ತಿದ್ದೆ.

ಅರ್ಜಿ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಸಂಭವನೀಯತೆಯನ್ನು ಕಾಗದ ಪೆನ್ನು ಹಿಡಿದು ಅಭ್ಯಾಸ ಮಾಡಿ, ಗೊತ್ತಿರುವುದನ್ನು ಮನೆಮಂದಿಗೆ ತಿಳಿಯುವ ಮಾತಿನಲ್ಲಿ ಹೇಳಿ ನೋಡಿ, ವಿಡಿಯೊ ಸುತ್ತಿಗೆ ಕರೆಂಟು ಹೋಗದ ಜಾಗ ಹುಡುಕಿಕೊಳ್ಳಿ, ಮತ್ತು ಫಲಿತಾಂಶದ ತಾರೀಖನ್ನು ಬರಹದಲ್ಲಿ ಪಡೆಯದೆ ಎದ್ದು ಬರಬೇಡಿ.

ಇಪ್ಪತ್ತಮೂರನೆಯ ದಿನ ‘ಪ್ರಿಯ ಅಭ್ಯರ್ಥಿಯೇ’ ಎಂದು ಶುರುವಾಗುವ ನಾಲ್ಕು ಸಾಲಿನ ವಿಷಾದದ ಪತ್ರ ಬಂತು. ಅದರ ಅಡಿಯಲ್ಲಿ ಅದೇ ಅಭಿಪ್ರಾಯ ನಮೂನೆಯ ಕೊಂಡಿ ಇತ್ತು. ಅಂಕಿ ತಿದ್ದೋಣವೆಂದು ಒತ್ತಿದರೆ, ನೀವು ಈಗಾಗಲೇ ಉತ್ತರಿಸಿದ್ದೀರಿ, ಧನ್ಯವಾದಗಳು ಎಂದಿತು.