ಪ್ಯಾಡೋ, ಹುಲ್ಲಿನ ಟ್ರೇಯೋ, ಕ್ರೇಟೋ? ಪುಟ್ಟ ನಾಯಿಗೆ ಯಾವುದು ಸರಿ

ಐದಾರು ಕಿಲೋ ದಾಟದ ನಾಯಿಗೆ ಉಚ್ಚೆ-ಕಕ್ಕದ ಶಿಸ್ತು ಕಲಿಸಲು ನಾವು ಬಳಸಿ ನೋಡಿದ್ದು ಮೂರು ದಾರಿ. ಮೂರರಲ್ಲೂ ನಾಯಿ ಕಲಿಯುತ್ತದೆ, ಆದರೆ ಒಂದೊಂದರಲ್ಲಿ ಒಂದೊಂದು ಪಾಠ.

ಪೀ ಪ್ಯಾಡ್, ಅಂದರೆ ಉಚ್ಚೆ ಹೀರಿಕೊಳ್ಳುವ ಹಾಸು, ಎಲ್ಲಕ್ಕಿಂತ ಸಲೀಸು, ಮರಿ ಬಂದ ದಿನವೇ ಹಾಸಬಹುದು. ತೊಡಕು ಆಮೇಲೆ ಶುರು. ಮರಿ ಜಾಗದ ಜೊತೆಗೆ ಕಾಲಿಗೆ ತಾಗುವ ಮೆತ್ತನೆಯನ್ನೂ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಕಾಲೊರಸು, ನೆಲಕ್ಕೆ ಬಿದ್ದ ಟವೆಲ್ಲು ಎಲ್ಲವೂ ಅದರ ಲೆಕ್ಕದಲ್ಲಿ ಪ್ಯಾಡೇ. ಮುಂಗಾಲು ಪ್ಯಾಡಿನ ಮೇಲಿಟ್ಟು, ಹಿಂಭಾಗ ಹೊರಗಿರುವಾಗಲೇ ಕೂರುವುದೂ ಮಾಮೂಲಿ. ಅದಕ್ಕೆ ಬೈಯಬೇಡಿ, ಅದರ ಮಟ್ಟಿಗೆ ಅದು ಸರಿಯಾಗಿಯೇ ನಿಂತಿದೆ. ಎರಡು ಪ್ಯಾಡನ್ನು ಅಂಚು ಸೇರಿಸಿ ಹಾಸಿದರೆ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆ.

ಹುಲ್ಲಿನ ಟ್ರೇ ಬಾಲ್ಕನಿಯಲ್ಲಿಡಲು ಚೆನ್ನ. ಕಾಲಿಗೆ ಹುಲ್ಲು ರೂಢಿಯಾಗುವುದರಿಂದ ಮುಂದೆ ಹೊರಗೆ ಹೋಗುವುದು ಕಷ್ಟವಾಗದು. ನಾಯಿ ಒಂದು ಸುತ್ತು ತಿರುಗಿ ಕೂರುವಷ್ಟು ಅಗಲ ಬೇಕು, ಚಿಕ್ಕ ಟ್ರೇ ಕೊಂಡರೆ ಮತ್ತೆ ಅಂಚಿನದೇ ಗೋಳು. ಕಾಲೆತ್ತುವ ಗಂಡು ನಾಯಿಯಾದರೆ ನಡುವೆ ನೀರು ತುಂಬಿದ ಬಾಟಲಿ ನಿಲ್ಲಿಸಿ, ಗೋಡೆ ಉಳಿಯುತ್ತದೆ. ಪ್ಲಾಸ್ಟಿಕ್ ಹುಲ್ಲನ್ನು ದಿನವೂ ತೊಳೆಯಲೇಬೇಕು, ವಾಸನೆ ಹೆಚ್ಚಾದರೆ ನಾಯಿಯೇ ಅದನ್ನು ಬಿಟ್ಟು ಬೇರೆ ಮೂಲೆ ಹುಡುಕುತ್ತದೆ.

ಕ್ರೇಟ್ (ಬಾಗಿಲಿರುವ ನಾಯಿಗೂಡು) ಮತ್ತು ಹೊತ್ತುಹೊತ್ತಿಗೆ ಹೊರಗೆ: ಮೊದಲ ಕೆಲವು ವಾರ ಮನೆಯವರ ನಿದ್ದೆ ಕೆಡುತ್ತದೆ, ಆದರೂ ನಮ್ಮ ಮತ ಇದಕ್ಕೇ. ಮಲಗುವ ಜಾಗವನ್ನು ನಾಯಿ ಸಾಮಾನ್ಯವಾಗಿ ಗಲೀಜು ಮಾಡುವುದಿಲ್ಲ, ಕ್ರೇಟಿನ ಗುಟ್ಟು ಅಷ್ಟೇ. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ಅಳತೆ ಸಾಕು. ದೊಡ್ಡದಾದರೆ ಒಂದು ತುದಿ ಹಾಸಿಗೆ, ಇನ್ನೊಂದು ತುದಿ ಕಕ್ಕಸು! ನಡುವೆ ತಡೆ ಹಾಕಿ ಚಿಕ್ಕದು ಮಾಡಿ.

ತಿಂಗಳ ವಯಸ್ಸಿಗೆ ಒಂದು ಸೇರಿಸಿದರೆ ಮರಿ ತಡೆದುಕೊಳ್ಳಬಲ್ಲ ಗಂಟೆ ಸಿಗುತ್ತದೆ ಎನ್ನುತ್ತಾರೆ. ಅದು ಗರಿಷ್ಠ ಮಿತಿ. ಪುಟ್ಟ ತಳಿಯ ಮೂತ್ರಕೋಶವೂ ಪುಟ್ಟದೇ, ಎರಡು ತಿಂಗಳ ಮರಿಯನ್ನು ಎಚ್ಚರವಿರುವಾಗ ಗಂಟೆಗೊಮ್ಮೆ ಕರೆದೊಯ್ಯಿರಿ. ನಿದ್ದೆಯಿಂದ ಎದ್ದ ತಕ್ಷಣ, ಆಟ ಮುಗಿದ ಮೇಲೆ, ಊಟವಾಗಿ 15-20 ನಿಮಿಷಕ್ಕೆ ತಪ್ಪಿಸಬಾರದು. ಲೀಶ್ (ಕೈಯಲ್ಲಿ ಹಿಡಿಯುವ ಪಟ್ಟಿ) ಹಾಕಿ, ದಿನವೂ ಅದೇ ಜಾಗದಲ್ಲಿ, ಮಾತಾಡದೆ ಐದು ನಿಮಿಷ ನಿಲ್ಲಿ. ಕೂತು ಮುಗಿಸಿದ ಎರಡು ಸೆಕೆಂಡಿನೊಳಗೆ ಅಲ್ಲೇ ತಿನಿಸು ಕೊಡಿ. ಒಳಗೆ ಬಂದು ಕೊಟ್ಟರೆ, ಒಳಗೆ ಬಂದದ್ದಕ್ಕೆ ಕೊಟ್ಟರೆಂದು ಅದು ತಿಳಿಯುತ್ತದೆ. ಮುಗಿದೊಡನೆ ವಾಪಸು ಎಳೆದುಕೊಂಡು ಬಂದರೂ ಎಡವಟ್ಟು: ಹೊರಗಿನ ಮಜಾ ಮುಗಿಯಿತೆಂದು ತಡೆದಿಟ್ಟುಕೊಳ್ಳಲು ಕಲಿಯುತ್ತದೆ. ಏನೂ ಮಾಡದಿದ್ದರೆ ಹತ್ತು ಹದಿನೈದು ನಿಮಿಷ ಕ್ರೇಟಿನಲ್ಲಿಟ್ಟು ಮತ್ತೆ ಹೋಗಿ.

ಒಳಗೆ ಮಾಡಿಕೊಂಡರೆ ಮೂತಿ ಉಜ್ಜುವುದರಿಂದ ಸೋಫಾದ ಹಿಂದೆ ಅಡಗಿ ಮಾಡುವ ಬುದ್ಧಿ ಬರುತ್ತದೆ, ಬೇರೇನಿಲ್ಲ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆಗೂ ಉಚ್ಚೆಯದಕ್ಕೂ ಹೋಲಿಕೆಯಿದೆ. ಉಚ್ಚೆಯ ವಾಸನೆ ಕಳೆಯುವ ಎನ್‌ಜೈಮ್ ದ್ರವ ಸುರಿದು, ಡಬ್ಬಿಯಲ್ಲಿ ಬರೆದಷ್ಟು ಹೊತ್ತು ನೆನೆಯಲು ಬಿಟ್ಟು ಒರೆಸಿ. ಚೆನ್ನಾಗಿ ಕಲಿತ ನಾಯಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ ಮೂತ್ರದ ಸೋಂಕಿರಬಹುದು, ಮೊದಲು ಪಶುವೈದ್ಯರಲ್ಲಿಗೆ ಹೋಗಿ.

ಲಸಿಕೆ ಪೂರ್ತಿಯಾಗದ ಮರಿಗೆ ಮಾತ್ರ ಬೇರೆ ನಾಯಿಗಳು ಓಡಾಡುವ ನೆಲ ಬೇಡ. ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಲ್ಲಿಯವರೆಗೆ ಕ್ರೇಟ್ ಜೊತೆ ಹುಲ್ಲಿನ ಟ್ರೇ. ಪ್ಯಾಡನ್ನು ಮುದಿ ನಾಯಿಗೆ, ಕಾಯಿಲೆಯಿದ್ದಾಗ ಇಟ್ಟುಕೊಳ್ಳಿ.

ಇನ್ನು ಹೊರಗೆ ಕರೆದೊಯ್ಯಲು ಬೇಕಾದ ಸಾಮಾನು. ಕತ್ತಿನ ಕಾಲರಿಗಿಂತ ಎದೆಗೆ ಕಟ್ಟುವ ಪಟ್ಟಿ, ಅಂದರೆ ಹಾರ್ನೆಸ್ ಮೇಲು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಪೊಮರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಹೆಚ್ಚು, ಕತ್ತಿನ ಮೇಲಿನ ಎಳೆತದಿಂದ ಬಾತು ಕೂಗಿದಂಥ ಕೆಮ್ಮು ಕೆರಳುತ್ತದೆ. ಕಾಲರ್ ಹೆಸರಿನ ಬಿಲ್ಲೆಗಷ್ಟೇ ಇರಲಿ. ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಕೂರುವ ಹಾರ್ನೆಸ್ ಆರಿಸಿ, ಭುಜಕ್ಕೆ ಅಡ್ಡ ಪಟ್ಟಿ ಬರುವಂಥದ್ದು ನಡಿಗೆಯನ್ನು ಬಿಗಿಯುತ್ತದೆ. ಪಟ್ಟಿಯಡಿ ಎರಡು ಬೆರಳು ತೂರಬೇಕು, ತೀರ ಪುಟ್ಟ ನಾಯಿಗೆ ಒಂದೇ ಸಾಕು. ಹಾಕಿದ ಮೇಲೆ ಮನೆಯೊಳಗೇ ಮುಂದಿನಿಂದ ಮೆಲ್ಲಗೆ ಎಳೆದು ನೋಡಿ. ಹೆದರಿದ ನಾಯಿ ಹಿಂದಕ್ಕೆ ಸರಿದೇ ಹಾರ್ನೆಸ್ಸಿನಿಂದ ಕಳಚಿಕೊಳ್ಳುವುದು.

ಲೀಶ್ ಒಂದೂವರೆಯಿಂದ ಎರಡು ಮೀಟರಿನದು, ಕೊಂಡಿ ಹಗುರವಾದದ್ದು. ತಾನೇ ಸುತ್ತಿಕೊಳ್ಳುವ ಲೀಶ್ ತೆರೆದ ಬಯಲಿಗೇನೋ ಸರಿ, ರಸ್ತೆ ಬದಿಗೆ ಖಂಡಿತ ಬೇಡ. ಬಟನ್ ಒತ್ತುವಷ್ಟರಲ್ಲಿ ನಾಯಿ ಚಕ್ರದಡಿಗೆ ಹೋಗಿರುತ್ತದೆ. ಹಿಡಿ ಕೈಜಾರಿದರಂತೂ ಅದು ಗಡಗಡ ಸದ್ದು ಮಾಡುತ್ತ ಬೆನ್ನಟ್ಟುತ್ತದೆ, ನಾಯಿ ಇನ್ನಷ್ಟು ಬೆದರಿ ಓಡುತ್ತದೆ. ಗೇಟಿನ ಸಂದಿಗೆ ಒಂದೇ ಪರೀಕ್ಷೆ: ತಲೆ ತೂರಿದರೆ ಮೈಯೂ ತೂರುತ್ತದೆ, ನೆಲಮಟ್ಟದಿಂದ ಜಾಲರಿ ಕಟ್ಟಿ.